ಇಲಿಯ ಪಂಚನಾಮೆ

೧೯೯೪, ಅಕ್ಟೋಬರ್ ೪, ಮಂಗಳವಾರ. ಬೆಳಗಿನ ಹನ್ನೊಂದೂಕಾಲು. ಕಂಪೌಂಡರ್ ಹಾಲೇಶಪ್ಪ ರಾಣೇಬೆನ್ನೂರಿನ ಪೊಲೀಸ್ ಠಾಣೆಯವರೆಗೆ ಓಡಿ ಬಂದವನು ಒಳಗೆ ಮಾತ್ರ ಕಾಲಿಡಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ನಿಂತು, ಮೂಗಿಗೆ ಕರ್ಪೂರ ಕಟ್ಟಿದ ಕರವಸ್ತ್ರ ಒತ್ತಿಕೊಂಡು, ಅಲ್ಲಿಂದಲೇ ಫಿರ್ಯಾದಿ ಹೇಳತೊಡಗಿದ.

"ಒಳಗ ಬಂದು ಕುಂದ್ರಿ," ಎಂದ ಪಿಎಸ್‌ಐ ವಿರೂಪಾಕ್ಷ ಕಬ್ಬೂರ.

"ಬ್ಯಾಡ್ರಿ ಸಾಹೇಬ್ರ. ಇಲಿ ಬಿದ್ದಲ್ಲಿಂದ ಬಂದೇನಿ."

ಬಾಗಿಲಲ್ಲಿ ಪಹರೆ ನಿಂತಿದ್ದ ಕಾನ್‌ಸ್ಟೇಬಲ್ ದುರಗಪ್ಪ ಅಷ್ಟು ಕೇಳಿದ್ದೇ ತಡ, ಬಂದೂಕು ಸಮೇತ ಒಳಗೆ ಸರಿದ. ಅವನನ್ನು ನೋಡಿ ನಗುವ ಧೈರ್ಯ ಆ ದಿನಗಳಲ್ಲಿ ಯಾರಿಗೂ ಇರಲಿಲ್ಲ. ಸೂರತ್ತಿನಲ್ಲಿ ಪ್ಲೇಗು ಎದ್ದಿದೆ ಎಂದು ರೇಡಿಯೋ ಹೇಳಿದಾಗಿನಿಂದ ಊರಿಗೆ ಊರೇ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿತ್ತು. ಆ ಕಡೆ ದುಡಿಯಲು ಹೋದವರು ಸಿಕ್ಕ ರೈಲು ಹತ್ತಿ ವಾಪಸಾಗುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಸುತ್ತಲ ಸೀಟುಗಳು ಖಾಲಿಯಾಗುತ್ತಿದ್ದವು. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಎಂಬ ಗುಳಿಗೆ ಹೆಸರಿಗೂ ಉಳಿದಿರಲಿಲ್ಲ. ಇದ್ದದ್ದು ಊರ ಹೊರಗಿನ ಹಳೇ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ತೆರೆದ ತಾತ್ಕಾಲಿಕ ಚಿಕಿತ್ಸಾ ಕೇಂದ್ರದಲ್ಲಿ ಮಾತ್ರ. ಅಲ್ಲಿಯೂ ರೇಷನ್ ಕಾರ್ಡ್ ತೋರಿಸಿದವರಿಗಷ್ಟೇ ಒಳಗೆ ಪ್ರವೇಶ. ಒಬ್ಬನೇ ನಾಲ್ಕು ಸಲ ಬಂದು ಒಯ್ಯಬಾರದೆಂದು ಕೇಂದ್ರದ ಕಮಿಟಿಯವರು ಮಾಡಿದ ನಿಯಮ ಅದು.

"ಏನು ಕಳುವಾತು?"

"ಗುಳಿಗಿ ಡಬ್ಬಿರಿ. ರಟ್ಟಿನ ದೊಡ್ಡ ಡಬ್ಬಿ. ಇದ್ದದ್ದು ಅದೊಂದ."

"ಬೀಗ ಮುರದಾರೇನು?"

"ಇಲ್ರಿ. ಬಾಗಲಾ ತೆರದಿತ್ತು. ನಾನ ಹಂಚಾಕತ್ತಿದ್ದೆ."

"ಮತ್ತ ನಿಮ್ಮ ಕಣ್ಣ ಮುಂದ ಹೆಂಗ ಹೋತು?"

ಹಾಲೇಶಪ್ಪ ನೆಲ ನೋಡಿದ. "ನಾ ಅಲ್ಲಿದ್ದಿಲ್ರಿ. ಕಿಟಕ್ಯಾಗಿಂದ ಒಂದು ಸತ್ತ ಇಲಿ ಬಂದು ಫ್ಯಾನಿನ ಕೆಳಗ ಬಿತ್ತು. ಬಿದ್ದ ಕೂಡ್ಲೆ ಎಲ್ಲಾರಿಗೂ ಸೀನು ಹತ್ತಿತು. ಡಾಕ್ಟರಿಗೆ, ನರ್ಸಬಾಯಾರಿಗೆ, ಪಾಳೇದಾಗ ನಿಂತ ಮಂದಿಗೆ. ಬಿಟ್ಟ ಓಡಿದ್ವಿ. ರೋಡಿನ ಆಚೀಕ ನಿಂತು ತಿರುಗಿ ಸೈತ ನೋಡಲಿಲ್ಲ. ಆಮ್ಯಾಲ ಬಂದು ನೋಡಿದ್ರ ಡಬ್ಬಿ ಇಲ್ಲ."

ಭಾರತೀಯ ದಂಡ ಸಂಹಿತೆ ಕಲಂ ೩೮೦ರ ಪ್ರಕಾರ ಎಫ್‌ಐಆರ್ ದಾಖಲಾಯಿತು. ಫಿರ್ಯಾದುದಾರ ಒಳಗೆ ಬರಲೊಲ್ಲ, ಆದ್ದರಿಂದ ಹೆಡ್ ಕಾನ್‌ಸ್ಟೇಬಲ್ ನಬಿಸಾಬ ಕಾಗದವನ್ನೇ ಮರದಡಿಗೆ ಒಯ್ದು ಸಹಿ ಮಾಡಿಸಿದ. ಸಹಿಯಾದ ಮೇಲೆ ಪೆನ್ನನ್ನು ತುದಿ ಹಿಡಿದು ತಂದು, ನಳದ ಕೆಳಗೆ ಬಹಳ ಹೊತ್ತು ತೊಳೆದ.

ವಿರೂಪಾಕ್ಷ ಹೆದರುಪುಕ್ಕನಲ್ಲ. ಗಲಭೆಯಲ್ಲಿ ಕಲ್ಲೇಟು ತಿಂದವನು. ಆದರೆ ಕಲ್ಲು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಅದೂ ಅಲ್ಲದೆ ಕ್ವಾರ್ಟರ್ಸಿನಲ್ಲಿ ಈಗಷ್ಟೇ ಅಂಬೆಗಾಲಿಡುತ್ತಿದ್ದ ಮಗಳಿದ್ದಳು. ಅಪ್ಪನ ಬೂಟಿನ ಸಪ್ಪಳ ಕೇಳಿದರೆ ಸಾಕು, ಬಾಗಿಲಿಗೆ ತೆವಳಿಕೊಂಡು ಬಂದು ಬೂಟನ್ನೇ ಬಾಯಿಗಿಡುವ ಮಗು. ಅವನ ಅಜ್ಜಿ ಹಳೇ ಪ್ಲೇಗಿನ ಕತೆ ಹೇಳುತ್ತಿದ್ದಳು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ, ಜ್ವರ ಬಂದವರನ್ನು ದೂರದ ಮರದ ಕೆಳಗೆ ಮಲಗಿಸಿ, ತಲೆದೆಸೆಗೆ ನೀರಿನ ಗಡಿಗೆ ಇಟ್ಟು ಬರುತ್ತಿದ್ದರಂತೆ. ಮರುದಿನ ದೂರದಿಂದಲೇ ಹೆಸರು ಹಿಡಿದು ಕೂಗುವುದು. ಓ ಎಂದರೆ ಇನ್ನೊಂದು ಗಡಿಗೆ. ಅಜ್ಜಿಯ ತಮ್ಮ ಎರಡನೇ ದಿನ ಓ ಅನ್ನಲಿಲ್ಲವಂತೆ. ಚಿಕ್ಕಂದಿನಲ್ಲಿ ಕೇಳಿದ ಈ ಕತೆ ಜೀಪಿನಲ್ಲಿ ಕೂತಾಗಿನಿಂದ ಅವನ ತಲೆ ಬಿಡಲಿಲ್ಲ.

ಪಂಚನಾಮೆಗೆ ಇಬ್ಬರು ಪಂಚರು ಬೇಕು. ಚಹಾದಂಗಡಿಯವನನ್ನೂ ಸೈಕಲ್ ರಿಪೇರಿಯವನನ್ನೂ ದುರಗಪ್ಪ ಹಿಡಿದು ತಂದ. ಇಬ್ಬರೂ ಕೇಂದ್ರದ ಎದುರು ರಸ್ತೆಯ ಆಚೆ ಬದಿಗೆ, ಡಾಕ್ಟರು ಮತ್ತು ನರ್ಸು ನಿಂತಲ್ಲೇ ನಿಂತರು. ಈಚೆ ಬರಲು ಸುತರಾಂ ಒಪ್ಪಲಿಲ್ಲ.

"ಹತ್ತರ ಬಂದು ನೋಡ್ರಿ. ನೋಡಿದ್ದಕ್ಕ ಸಹಿ ಹಾಕೂದೈತಿ," ಎಂದ ನಬಿಸಾಬ.

"ಇಲ್ಲಿಂದ ಕಾಣತೈತ್ರಿ. ಇಲಿ ಐತಿ. ಸತ್ತೈತಿ."

"ಎಷ್ಟು ಉದ್ದ?"

"ನೀವು ಎಷ್ಟು ಅಂತೀರಿ ಅಷ್ಟು."

ಒಳಗೆ ಫ್ಯಾನು ಇನ್ನೂ ತಿರುಗುತ್ತಿತ್ತು. ಮೇಜಿನ ಬದಿಗೆ ಒಂದು ತುಂಡು ಗೋಣಿತಟ್ಟು, ಅದರ ಮೇಲೆ ಅಂಗಾತ ಬಿದ್ದ ಹೆಗ್ಗಣದಂಥ ಇಲಿ. ವಿರೂಪಾಕ್ಷ ಕರವಸ್ತ್ರ ಬಿಗಿದುಕೊಂಡು ಬಗ್ಗಿದ. ಬಗ್ಗಿದವನಿಗೆ ಒಂದು ಸೀನು ಬಂತು. ಹಿಂದೆಯೇ ಇನ್ನೊಂದು, ಮತ್ತೊಂದು. ಹೊರಗೆ ಬಂದು ಡಾಕ್ಟರಿಗೆ ಕೂಗಿ ಹೇಳಿದ, "ಡಾಕ್ಟರ, ನನಗ ಒಂದು ಗುಳಿಗಿ ಕೊಡ್ರಿ. ಸೀನಿದೆ."

"ಎಲ್ಲಿಂದ ಕೊಡ್ಲಿ ಸಾಹೇಬ್ರ? ಅದನ್ನ ಹುಡುಕಾಕಂತ ನಿಮ್ಮನ್ನ ಕರಸಿದ್ದು," ಎಂದರು ಡಾಕ್ಟರು.

ಆಗ ಅವನಿಗೆ ಈ ಕೇಸು ತನ್ನದೇ ಆಯಿತು. ಕೊರಳ ಕೆಳಗೆ, ಕಂಕುಳಲ್ಲಿ ಬೆರಳಿಟ್ಟು ಗಡ್ಡೆ ಎದ್ದಿದೆಯೇ ಎಂದು ಯಾರಿಗೂ ಕಾಣದಂತೆ ಮುಟ್ಟಿ ನೋಡಿಕೊಂಡ. ನಬಿಸಾಬ ಇಲಿಯನ್ನು ಲಾಠಿಯ ತುದಿಯಿಂದ ತಗಡಿನ ಡಬ್ಬಕ್ಕೆ ತಳ್ಳಿ, ಗೋಣಿತಟ್ಟನ್ನು ಮಡಚಿ ಜಪ್ತಿ ಮಾಡಿದ. ಠಾಣೆಗೆ ಬಂದರೆ ಹಾವೇರಿಯಿಂದ ಡಿವೈಎಸ್ಪಿ ಸಾಹೇಬರ ಫೋನು ಕಾದಿತ್ತು.

"ಹೊಸ ಸ್ಟಾಕು ಇಲ್ಲಿಗೆ ಬಂದದ. ಆದ್ರ ಕಳ್ಳ ಸಿಗೂತನಕ ರಾಣೇಬೆನ್ನೂರಿಗೆ ಕಳಸೂದಿಲ್ಲ. ಮತ್ತ ಕಳುವಾದ್ರ ಯಾರು ಜವಾಬ್ದಾರಿ? ತಿಳೀತಿಲ್ಲೋ?"

"ತಿಳೀತ್ರಿ ಸರ್."

ಕಳ್ಳ ಸಿಗದಿದ್ದರೆ ಗುಳಿಗೆಯಿಲ್ಲ, ತನಗೂ ಇಲ್ಲ, ಊರಿಗೂ ಇಲ್ಲ. ವಿರೂಪಾಕ್ಷ ದುರಗಪ್ಪನನ್ನು ಕ್ವಾರ್ಟರ್ಸಿಗೆ ಅಟ್ಟಿದ. "ನಾ ಮನಿಗೆ ಬರೂದಿಲ್ಲ ಅಂತ ಹೇಳು. ಕೂಸನ್ನ ಹೊಸ್ತಿಲ ದಾಟಸಬ್ಯಾಡ ಅಂತ ಹೇಳು. ನೀನೂ ದೂರ ನಿಂತು ಹೇಳು." ಹೆಂಡತಿ ಏನಂದಳು ಎಂದು ದುರಗಪ್ಪ ತಿರುಗಿ ಬಂದು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಅಷ್ಟರಲ್ಲಿ ನಬಿಸಾಬ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಬೆಂಚಿನ ಮೇಲೆ ಕುಸಿದ. "ಸಾಹೇಬ್ರ, ಕಣ್ಣು. ಉರಿ. ತಡಕೊಳ್ಳಾಕ ಆಗವಲ್ದು."

ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು. ಮೂಗಿನಿಂದ ನೀರು ಸುರಿಯುತ್ತಿತ್ತು. ಬರಹಗಾರ ಪೊಲೀಸ ಟೈಪ್‌ರೈಟರ್ ಬಿಟ್ಟು ಗೋಡೆಗೆ ಅಂಟಿದ. ಹತ್ತಿತು ಬೇನೆ, ಎಂದುಕೊಂಡ ವಿರೂಪಾಕ್ಷ. ಮೂರು ಮಕ್ಕಳ ಮದುವೆ ಬಾಕಿ ಇರುವ ಈ ಮನುಷ್ಯನ ಕೈಯಲ್ಲಿ ಇಲಿ ಎತ್ತಿಸಿದ್ದು ತಾನು. ಬೆಂಚಿನ ಹತ್ತಿರ ಹೋಗಿ ಬಗ್ಗಿ ನೋಡಿದ.

"ಮುಂಜಾನಿಂದ ಕಣ್ಣು ಹಿಂಗ ಇತ್ತೇನ್ರಿ?"

"ಇಲ್ರಿ. ಈಗ ಒರಸ್ಕೊಂಡೆ, ಆವಾಗಿಂದ."

"ಯಾವ ಕೈಲೆ ಒರಸ್ಕೊಂಡ್ರಿ?"

"ಬಲಗೈಲೆ. ತಟ್ಟು ಮಡಚಿದ ಕೈ."

ಬೇನೆ ಒರೆಸಿಕೊಂಡ ಮರುಗಳಿಗೆಗೆ ಹತ್ತುವುದಿಲ್ಲ. ಅಷ್ಟು ಅವನಿಗೂ ಗೊತ್ತಿತ್ತು. ಒರೆಸಿಕೊಂಡ ಮರುಗಳಿಗೆಗೆ ಹತ್ತುವುದು ಬೇರೇನೋ ಇದೆ. ತಿಳಿಯಲು ಇದ್ದದ್ದು ಒಂದೇ ದಾರಿ, ಕರವಸ್ತ್ರ ತೆಗೆದು ಆ ಗೋಣಿತಟ್ಟನ್ನು ಮೂಸುವುದು. ಬೆಳಗಿನಿಂದ ಎಲ್ಲರ ಮೂಗಿಗೂ ಕರ್ಪೂರವಿತ್ತು, ಬೇರೆ ಯಾವ ವಾಸನೆಯೂ ಯಾರಿಗೂ ಬಡಿದಿರಲಿಲ್ಲ. ವಿರೂಪಾಕ್ಷ ತಟ್ಟಿನ ಮುಂದೆ ನಿಂತ. ಮಗಳ ಮುಖ ಕಣ್ಣಿಗೆ ಕಟ್ಟಿತು. ಸುಮ್ಮನೆ ಹಿಂದೆ ಸರಿದುಬಿಡೋಣ ಅನ್ನಿಸಿದ್ದೂ ಖರೆ. ಆಮೇಲೆ ಕರವಸ್ತ್ರ ಕೆಳಗೆಳೆದು, ಬಗ್ಗಿ ಮೂಸಿದ.

ಮನೆಯ ಒರಳು ನೆನಪಾಯಿತು. ಅವ್ವ ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವಾಗ ಇಡೀ ಓಣಿ ಸೀನುತ್ತಿದ್ದ ಘಾಟು. ಅವನೂ ಸೀನಿದ. ಈ ಸಲ ಸೀನಿ ನಕ್ಕುಬಿಟ್ಟ, ನಗುವಾಗ ಕಣ್ಣಲ್ಲಿ ನೀರು ಬಂತು.

"ನಬಿಸಾಬ್ರ, ಬ್ಯಾನಿ ಅಲ್ಲರಿ ಇದು. ಮೆಣಸಿನಕಾಯಿ ಪುಡಿ. ಕಣ್ಣಿಗೆ ಮಜ್ಜಿಗಿ ಹಚ್ಕೊಳ್ರಿ."

ನಬಿಸಾಬ ಒಂದು ಕಣ್ಣು ತೆರೆದು, "ಮೊದಲ ಹೇಳಬಾರದೇನ್ರಿ," ಎಂದ, ತಪ್ಪು ಸಾಹೇಬರದ್ದೇ ಎನ್ನುವ ಹಾಗೆ.

ತಗಡಿನ ಡಬ್ಬ ತೆರೆದು ಇಲಿಯನ್ನು ಹಗಲು ಬೆಳಕಿನಲ್ಲಿ ಎರಡನೇ ಸಲ ನೋಡಿದರು. ಕತ್ತಿನ ಮೇಲೆ ಅಡ್ಡಕ್ಕೆ ತಂತಿ ಬಡಿದ ಗೆರೆ. ಬೋನಿಗೆ ಬಿದ್ದು ಸತ್ತ ಇಲಿ ಅದು, ರೋಗದಿಂದ ಸತ್ತದ್ದಲ್ಲ. ಯಾರೋ ಅದನ್ನು ಖಾರದ ಧೂಳು ತುಂಬಿದ ತಟ್ಟಿನಲ್ಲಿ ಸುತ್ತಿ ತಂದು, ಬೇಕೆಂದೇ ಫ್ಯಾನಿನ ಕೆಳಗೆ ಎಸೆದಿದ್ದಾರೆ. ಪೂರಕ ಪಂಚನಾಮೆ ಬರೆಸಿ ವಿರೂಪಾಕ್ಷ ಜೀಪು ಹತ್ತಿದ. ಮೆಣಸಿನಕಾಯಿಯೂ ಇಲಿಬೋನೂ ಒಟ್ಟಿಗಿರುವ ಊರು ಯಾವುದೆಂದು ಆ ಸೀಮೆಯಲ್ಲಿ ಯಾರೂ ಯೋಚಿಸಬೇಕಿಲ್ಲ. ಜೀಪು ಬ್ಯಾಡಗಿಯ ದಾರಿ ಹಿಡಿಯಿತು.

ಬ್ಯಾಡಗಿಯಲ್ಲಿ ಹಂಗಾಮು ಇನ್ನೂ ದೂರವಿತ್ತು. ಹಳೇ ಮಾಲು ಉಳಿದಿದ್ದ ಗೋದಾಮುಗಳೇ ಕಡಿಮೆ, ಆದ್ದರಿಂದ ಹುಡುಕಾಟ ಬೇಗ ಮುಗಿಯಿತು. ರೈಲು ಹಳಿಯ ಪಕ್ಕದ ಒಂದು ಗೋದಾಮಿನಲ್ಲಿ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದರು. ಗೋಡೆಯುದ್ದಕ್ಕೂ ತಂತಿಯ ಬೋನುಗಳು. ಎಲ್ಲರೂ ಕೆಮ್ಮುತ್ತಿದ್ದರು, ಆದರೆ ಆ ಊರಿನಲ್ಲಿ ಕೆಮ್ಮಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಾವಲುಗಾರ ಗೂಡುಸಾಬ ಎದ್ದು ನಿಂತು ಸಲಾಮು ಹೊಡೆದ.

"ಬೋನು ಯಾರು ಇಡ್ತಾರು?"

"ಚೌಡವ್ವರಿ. ತೊಟ್ಟು ಬಿಡಸಾಕ ಬರ್ತಾಳ. ಸತ್ತ ಇಲಿ ಒಗಿಯೂದೂ ಆಕಿನ."

"ಇವತ್ತು ಬಂದಾಳೇನು?"

ಗೂಡುಸಾಬ ಸುತ್ತ ನೋಡಿದ. "ಇಲ್ರಿ."

"ಯಾಕ?"

"ಅಳಿಯ ಸೂರತ್ತಿನಿಂದ ಬಂದಾನ್ರಿ. ಮೈ ಸುಡಾಕತ್ತೈತಿ. ನಾನ ಬರಬ್ಯಾಡ ಅಂದೆ. ಮಂದಿ ಹೆದರ್ತಾರ ನೋಡ್ರಿ."

"ಮನಿ ಎಲ್ಲೈತಿ?"

"ಮನಿ ಎಲ್ಲಿಂದ ಬರಬೇಕ್ರಿ? ಹಳಿ ಬಾಜೂಕ ಟೆಂಟು."

ಟೆಂಟುಗಳೆಂದರೆ ಹಳೇ ತಾಡಪತ್ರಿ, ಸೀರೆ, ಗೋಣಿಚೀಲ ಹೊಲಿದು ಹೊದಿಸಿದ ಗೂಡುಗಳು. ಮುಂದೆ ಮೆಣಸಿನಕಾಯಿ ತೊಟ್ಟಿನ ಒಂದು ಗುಡ್ಡೆ, ಒಲೆ ಉರಿಸಲು ತಂದು ಹಾಕಿದ್ದು. ವಿರೂಪಾಕ್ಷ ಅದನ್ನು ದಾಟಿ ಹೋಗುವವನು ನಿಂತ. ತೊಟ್ಟಿನ ಜೊತೆಗೆ ಬೇರೇನೋ ಬೆರೆತಿತ್ತು. ಅರ್ಧ ಕೆಂಪು, ಅರ್ಧ ಹಳದಿ, ಹಗುರ ಹೊಟ್ಟು. ಕಳುವಾದ ಗುಳಿಗೆಗಳ ಖಾಲಿ ಕವಚ. ಬಣ್ಣದ ಕವಚ ಪ್ಲಾಸ್ಟಿಕ್ಕೆಂದು ಬಗೆದು, ಯಾರೋ ಒಂದೊಂದನ್ನೂ ಬಿಚ್ಚಿ, ಒಳಗಿನ ಪುಡಿ ತೆಗೆದುಕೊಂಡು ಎಸೆದಿದ್ದರು. ತೊಟ್ಟು ಬಿಡಿಸುವ ಕೈಗಳಿಗೆ ಅದೇನು ದೊಡ್ಡ ಕೆಲಸ.

"ಚೌಡವ್ವ ಯಾರು?"

ಟೆಂಟಿನ ಜನ ದೂರದ ಜಾಲಿಮರದ ಕಡೆ ನೋಡಿದರು. ಮರದ ಕೆಳಗೆ ಕಂಬಳಿಯ ಮೇಲೆ ಒಬ್ಬ ಗಂಡಸು ಮಲಗಿದ್ದ. ತಲೆದೆಸೆಗೆ ನೀರಿನ ಗಡಿಗೆ.

ವಿರೂಪಾಕ್ಷ ಅಲ್ಲೇ ನಿಂತ. ಅಜ್ಜಿ ಹೇಳಿದ ಮರವೂ ಅಜ್ಜಿ ಹೇಳಿದ ಗಡಿಗೆಯೂ ಕಣ್ಣೆದುರಿಗೇ ಇದ್ದವು. ಒಂದೇ ವ್ಯತ್ಯಾಸ, ಇಲ್ಲಿ ಮಲಗಿದವನ ಪಕ್ಕದಲ್ಲಿ ಒಬ್ಬ ಹೆಂಗಸು ಕೂತು ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಪೊಲೀಸರನ್ನು ನೋಡಿ ಅವಳು ಓಡಲಿಲ್ಲ. ಎದ್ದು ಸೀರೆ ಕೊಡವಿ ನಾಲ್ಕು ಹೆಜ್ಜೆ ಈಚೆ ಬಂದಳು, ರೋಗಿಯ ಗಾಳಿ ಇವರಿಗೆ ತಾಕಬಾರದೆಂಬ ಹಾಗೆ.

"ನಾನ ಚೌಡವ್ವರಿ. ಡಬ್ಬಿ ನಾನ ತಂದೇನಿ."

"ಎಲ್ಲೈತಿ?"

"ಖಾಲಿ ಐತ್ರಿ. ಟೆಂಟಿನ ಮಂದಿಗೆಲ್ಲಾ ಹಂಚಿದೆ. ಗೋದಾಮಿನಾವ್ರಿಗೂ, ಹಳಿ ಆಚೀಕಿನ ಮಂದಿಗೂ. ಕೂಲಿ ಹಂಚಿದಂಗ, ಎಲ್ಲಾರಿಗೂ ಸರೀಸಮ. ನಾನೂ ತಿಂದೇನಿ, ಸುಳ್ಳ್ಯಾಕ ಹೇಳ್ಲಿ."

"ಇವನಿಗೆ ಎಷ್ಟು ಕೊಟ್ಟಿ?"

"ಎರಡು. ಎಲ್ಲಾರಿಗೂ ಕೊಟ್ಟಷ್ಟ."

"ಜ್ವರ ಬಂದಾಂವ ಇಂವ. ಇವಂಗ ಹೆಚ್ಚಿಗಿ ಇಟ್ಟಿಲ್ಲೇನು?"

"ಇವಂಗ ಹೆಚ್ಚಿಗಿ ಕೊಟ್ರ ಉಳದಾವ್ರ ಮುಖ ಹೆಂಗ ನೋಡ್ಲಿರಿ? ಅವರ ಮಕ್ಕಳೂ ಕೆಮ್ಮಾಕತ್ತಾವು."

ನಬಿಸಾಬ ಮುಖ ತಿರುಗಿಸಿದ. ಬೇನೆ ಹತ್ತಿದವನಿಗೆ ದಿನಕ್ಕೆ ನಾಲ್ಕರಂತೆ ವಾರಗಟ್ಟಲೆ ಕೊಡಬೇಕು, ಎರಡಕ್ಕೆ ಏನೂ ಆಗುವುದಿಲ್ಲ ಎಂದು ಕೇಂದ್ರದಲ್ಲಿ ಗುಳಿಗೆ ಕೊಡುವಾಗ ನರ್ಸು ಎಲ್ಲರಿಗೂ ತಿಳಿಸಿ ಹೇಳುತ್ತಿದ್ದಳು. ಆ ಮಾತು ಗೇಟಿನ ಹೊರಗೆ ನಿಂತವರಿಗೆ ಹೇಗೆ ಕೇಳಬೇಕು?

"ಇವನ್ನ ಕೇಂದ್ರಕ್ಕ ಯಾಕ ಕರಕೊಂಡು ಹೋಗಲಿಲ್ಲ?"

"ಹೋಗಿದ್ವಿರಿ. ಕಾರ್ಡ್ ಕೇಳಿದ್ರು. ನಮಗೆಲ್ಲಿ ಕಾರ್ಡ್? ನಮ್ಮಪ್ಪ ಗುತ್ತಲದ ಕಡೆ ಕೆರಿ ಕೆಲಸಕ್ಕ ಬಂದಾಂವ. ಕೆಲಸ ಎಲ್ಲೈತೋ ಅಲ್ಲಿ ಇರೂದು. ಹಾವೇರ್ಯಾಗ ಕೇಳಿದ್ರ ಹುಟ್ಟಿದ ಊರಿಂದ ಕಾಗದ ತಾ ಅಂತಾರ. ಅಲ್ಲಿ ಕೇಳಿದ್ರ ನೀವು ಈ ಊರಾವ್ರ ಅಲ್ಲ ಅಂತಾರ."

"ಅದಕ್ಕ ಇಲಿ ಒಗದಿ."

"ಅವತ್ತು ಗೇಟಿನ್ಯಾಗ ಇವನ್ನ ಮಲಗಿಸ್ಕೊಂಡು ಕುಂತಿದ್ದೆ. ಯಾರೂ ಕಣ್ಣೆತ್ತಿ ನೋಡಲಿಲ್ಲ. ಅಷ್ಟರಾಗ ಒಂದು ಇಲಿಮರಿ ಹಾದು ಹೋತ್ರಿ. ಡಾಕ್ಟರ್ ಸೈತ ಕುರ್ಚಿ ಏರಿ ನಿಂತ್ರು." ಚೌಡವ್ವ ಅಳಿಯನ ಕಡೆ ತಿರುಗಿ ನೋಡಿದಳು. "ನಮ್ಮನ್ನ ಕಂಡು ಏಳದಾವ್ರು ಇಲಿ ಕಂಡು ಎದ್ರು. ಆವಾಗ ತಿಳೀತ್ರಿ."

ವಿರೂಪಾಕ್ಷನಿಗೆ ಅವಳ ಮುಖ ನೋಡಲಾಗಲಿಲ್ಲ. ಬೆಳಗಿನಿಂದ ಎಲ್ಲಿ ಸಾಯುತ್ತೇನೋ ಎಂದು ನಡುಗಿದ್ದ ತಾನು, ಒಂದು ಗುಳಿಗೆಗಾಗಿ ರಸ್ತೆಯಲ್ಲಿ ನಿಂತು ಕೂಗಿದ್ದ ತಾನು, ಈಗ ಇವಳ ಕೈಗೆ ಕೋಳ ಹಾಕಬೇಕು. ಕಾಯದೆ ಕಾಯದೆಯೇ, ಎಂದು ಗಟ್ಟಿ ಮಾಡಿಕೊಂಡ.

"ಚೌಡವ್ವ, ನಿನ್ನ ಅರೆಸ್ಟ್ ಮಾಡಬೇಕಾಗೈತಿ."

"ಮಾಡ್ರಿ. ಒಳಗ ಹಾಕಿದ್ರ ಊಟ ಕೊಡ್ತೀರೇನ್ರಿ?"

"ಕೊಡ್ತೀವಿ."

"ಜಡ್ಡು ಬಂದ್ರ?"

"ಡಾಕ್ಟರಿಗೆ ತೋರಸ್ತೀವಿ. ಆರೋಪೀನ ತಪಾಸಣಿ ಮಾಡಸಬೇಕಂತ ಕಾಯದೆ ಐತಿ."

"ಕಾರ್ಡ್ ಕೇಳ್ತಾರೇನ್ರಿ?"

"ಇಲ್ಲ," ಎಂದ ವಿರೂಪಾಕ್ಷ. ಅಂದ ಮೇಲೆ ಅವಳು ಎಲ್ಲಿಗೆ ಬರುತ್ತಿದ್ದಾಳೆಂದು ಹೊಳೆಯಿತು.

"ಹಂಗಾರ ನಮ್ಮ ಅಳಿಯ ಅಂಜಿನಪ್ಪನ್ನೂ ಅರೆಸ್ಟ್ ಮಾಡ್ರಿ."

ಹಳಿಯ ಮೇಲೆ ಹುಬ್ಬಳ್ಳಿಯ ಕಡೆ ಹೋಗುವ ಗೂಡ್ಸ್ ಗಾಡಿ ಸದ್ದು ಮಾಡುತ್ತ ಹಾದುಹೋಯಿತು. ನಬಿಸಾಬ ಕೆಮ್ಮಿ, ಕಾನೂನಿನ ಮಾತು ಆಡುವವನ ಹಾಗೆ ಮೆಲ್ಲಗೆ ಹೇಳಿದ, "ಕಲಂ ೪೧೧ ಬರತೈತ್ರಿ ಸಾಹೇಬ್ರ. ಕಳುವಿನ ಮಾಲು ಗೊತ್ತಿದ್ದು ತಗೊಂಡಾನ. ತಗೊಂಡಾನಲ್ಲಾ?"

ವಿರೂಪಾಕ್ಷ ದೂರದಿಂದಲೇ ಕೇಳಿದ, "ಅಂಜಿನಪ್ಪ, ಇದು ಕಳುವಿನ ಗುಳಿಗಿ ಅಂತ ನಿನಗ ಗೊತ್ತಿತ್ತೇನು?"

ಕಂಬಳಿಯ ಮೇಲಿನವನು ಬಹಳ ಹೊತ್ತಿನ ಮೇಲೆ ಓ ಅನ್ನುವ ಹಾಗೆ ಒಂದು ಸದ್ದು ಮಾಡಿದ.

"ಒಪ್ಪಿಕೊಂಡಾನ. ಬರ್ಕೊಳ್ರಿ," ಎಂದ ವಿರೂಪಾಕ್ಷ.

ಎತ್ತುವವರು ಯಾರು? ದುರಗಪ್ಪ ಜೀಪಿನ ಹಿಂದೆ ಮರೆಯಾಗಿದ್ದ. ಬೈದರೂ ಬರಲಿಲ್ಲ, ಬೈಯುವ ಮನಸ್ಸೂ ವಿರೂಪಾಕ್ಷನಿಗೆ ಇರಲಿಲ್ಲ. ಈ ಸಲದ್ದು ಖಾರದ ಘಾಟಲ್ಲ, ಖರೇ ಜ್ವರ ಎಂದು ಅವನಿಗೂ ಗೊತ್ತಿತ್ತು. ಆದರೂ ಹೋಗಿ ಕಂಬಳಿಯ ಒಂದು ತುದಿ ಹಿಡಿದ. ಇನ್ನೊಂದು ತುದಿ ನಬಿಸಾಬ ಹಿಡಿದ. ಜೀಪಿನ ಹತ್ತಿರ ಬಂದಾಗ ಟೆಂಟಿನ ಒಬ್ಬಳು, ಕೆಮ್ಮುವ ಕೂಸನ್ನು ಸೊಂಟದಲ್ಲಿಟ್ಟುಕೊಂಡವಳು, ಅಂಜುತ್ತ ಕೈ ಎತ್ತಿದಳು.

"ನಾವೂ ತಿಂದೇವ್ರಿ. ನನ್ನ ಕೂಸೂ ತಿಂದೈತಿ."

ಅವಳ ಹಿಂದೆ ಇನ್ನೂ ಕೆಲವು ಕೈಗಳು ಎದ್ದವು. ಜೀಪು ಆ ದಿನ ಬ್ಯಾಡಗಿಗೂ ರಾಣೇಬೆನ್ನೂರಿಗೂ ನಡುವೆ ಎಷ್ಟೋ ಸಲ ಓಡಿತು. ಕೂಸನ್ನು ಕಾಗದದಲ್ಲಿ ಸಾಕ್ಷಿ ಎಂದು ಬರೆದರು, ಏಳು ವರ್ಷ ತುಂಬದವರನ್ನು ಆರೋಪಿ ಮಾಡಲು ಬರುವುದಿಲ್ಲವಲ್ಲ.

ಸಂಜೆಯ ಹೊತ್ತಿಗೆ ಕೇಂದ್ರದ ಗೇಟಿನಲ್ಲಿ ಹಾಲೇಶಪ್ಪ ರೂಢಿಯಂತೆ ಕೈ ಚಾಚಿದ. "ಕಾರ್ಡ್?"

"ಆರೋಪಿ," ಎಂದು ನಬಿಸಾಬ ಠಾಣೆಯ ಮೊಹರಿನ ಕಾಗದ ಅವನ ಕೈಗಿಟ್ಟ. ಹಾಲೇಶಪ್ಪ ಅದನ್ನು ಓದಿ ದಾರಿ ಬಿಟ್ಟ. ಕಳ್ಳಿ ಸಿಕ್ಕಿದ ಸುದ್ದಿ ಹೋಗಿದ್ದರಿಂದ ಹಾವೇರಿಯ ಸ್ಟಾಕೂ ಅಷ್ಟು ಹೊತ್ತಿಗೆ ಬಂದು ಇಳಿದಿತ್ತು.

ಅಂಜಿನಪ್ಪನದು ಪ್ಲೇಗಲ್ಲ, ನ್ಯುಮೋನಿಯಾ ಎಂದು ಆಮೇಲೆ ರಿಪೋರ್ಟು ಬಂತು. ಬಿಟ್ಟಿದ್ದರೆ ಅದೂ ಮರದ ಕೆಳಗೇ ಮುಗಿಸುತ್ತಿತ್ತು, ಎಂದರು ಡಾಕ್ಟರು. ರಿಪೋರ್ಟು ಬರುವವರೆಗೂ ವಿರೂಪಾಕ್ಷ ಮನೆಗೆ ಹೋಗಲಿಲ್ಲ. ಬಂದ ದಿನ ಬೂಟನ್ನು ಅಂಗಳದಲ್ಲೇ ಬಿಚ್ಚಿ, ಕೈಕಾಲು ತೊಳೆದು, ಮಗಳನ್ನು ಎತ್ತಿಕೊಂಡು ಬಹಳ ಹೊತ್ತು ಹಿತ್ತಲಲ್ಲಿ ಓಡಾಡಿದ. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಮೊದಲು "ಕಳ್ಳತನ" ಎಂದು ಬರೆದಿದ್ದವನು ಅದನ್ನು ಹೊಡೆದುಹಾಕಿ, "ಗೇಟಿನ ಒಳಗೆ ಬಿಡಲಿಲ್ಲವಾದ್ದರಿಂದ" ಎಂದು ತಿದ್ದಿದ.

ಚೌಡವ್ವನನ್ನು ಹಾವೇರಿಯ ಸಬ್ ಜೈಲಿನಲ್ಲಿ ಇಟ್ಟಿದ್ದರು. ನಬಿಸಾಬ ಕೋರ್ಟಿನ ಕೆಲಸಕ್ಕೆ ಹೋದವನು ಅವಳಿಗೆ ಒಂದು ಒಳ್ಳೆಯ ಸುದ್ದಿ ಮುಟ್ಟಿಸೋಣವೆಂದು ಅತ್ತ ಹೊರಳಿದ.

"ಚೌಡವ್ವ, ಕೇಂದ್ರದಾಗ ನಿನ್ನ ಅಳಿಯನ ಜ್ವರ ಇಳದೈತಿ. ವಕೀಲರ ಕಡಿಂದ ಅರ್ಜಿ ಹಾಕ್ಸೇವಿ. ನಾಳೆ ಅವಂಗ ಜಾಮೀನು ಆಗತೈತಿ, ಬಿಡ್ತಾರ."

ಇಲಿಗೆ ಅಂಜದ, ಪೊಲೀಸರಿಗೆ ಅಂಜದ, ಜೈಲಿಗೂ ಅಂಜದ ಹೆಂಗಸು ಆ ಮಾತಿಗೆ ಹೆದರಿದಳು. ಎದ್ದು ಬಂದು ಎರಡೂ ಕೈಯಿಂದ ಸರಳು ಹಿಡಿದಳು.

"ಜಾಮೀನು ಬ್ಯಾಡ್ರಿ ಸಾಹೇಬ್ರ. ನಿಮ್ಮ ಕಾಲಿಗೆ ಬೀಳ್ತೀನಿ. ಪೂರ್ತಿ ಆರಾಮ ಆತು ಅಂತ ಡಾಕ್ಟರ್ ಅನ್ನೂತನಕ ಅವನ್ನ ಬಿಡಬ್ಯಾಡ್ರಿ."